ಶಿವರಾತ್ರಿಯಿಂದ ಯುಗಾದಿಗೆ: ಕೆರೆಯ ಹಾಜರಿ ಪುಸ್ತಕ

ಶಿವರಾತ್ರಿಗೆ ಚಳಿ ‘ಶಿವ ಶಿವ’ ಅಂತ ಹೊರಟು ಹೋಗುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಚಳಿ ಒಂದೇ ಹೊರಡುವುದಿಲ್ಲ ಮಕ್ಕಳೇ, ಅದರ ಜೊತೆ ನಮ್ಮ ಕೆರೆಗಳಿಗೆ ಬಂದಿದ್ದ ನೆಂಟರೂ ಗಂಟುಮೂಟೆ ಕಟ್ಟುತ್ತಾರೆ. ದೀಪಾವಳಿಯ ಹೊತ್ತಿಗೆ ಬಂದು, ಸಂಕ್ರಾಂತಿಯನ್ನು ನಮ್ಮಲ್ಲೇ ಕಳೆದ ಬಾತುಗಳು, ಸಿಪಿಲೆಗಳು, ಗದ್ದೆಗೊರವಗಳು ಈಗ ಒಂದೊಂದಾಗಿ ಉತ್ತರಕ್ಕೆ ಮುಖ ಮಾಡುತ್ತವೆ. ಇದೇ ಹೊತ್ತಿಗೆ ಇಲ್ಲಿಯೇ ಇರುವ ಹಕ್ಕಿಗಳು ಹೊಸ ಬಟ್ಟೆ ತೊಟ್ಟು ಸಂಸಾರ ಹೂಡಲು ಸಿದ್ಧವಾಗುತ್ತವೆ. ಒಂದು ಕಡೆ ಬೀಳ್ಕೊಡುಗೆ, ಇನ್ನೊಂದು ಕಡೆ ಮದುವೆಮನೆ. ಶಿವರಾತ್ರಿಯಿಂದ ಯುಗಾದಿಯವರೆಗಿನ ಈ ಒಂದು ತಿಂಗಳು ಕೆರೆಯ ಏರಿಯ ಮೇಲೆ ಕೂರುವವರಿಗೆ ವರ್ಷದಲ್ಲೇ ಒಳ್ಳೆಯ ಕಾಲ.

ಶಾಲೆಯಲ್ಲಿ ಮೇಷ್ಟ್ರು ಬೆಳಿಗ್ಗೆ ಹಾಜರಿ ಕೂಗುತ್ತಾರಲ್ಲ, ಹಾಗೆಯೇ ಕೆರೆಗೂ ಒಂದು ಹಾಜರಿ ಪುಸ್ತಕ ಇಡುವುದು ಹೇಗೆ, ಇಟ್ಟರೆ ಏನು ಪ್ರಯೋಜನ ಎಂಬುದೇ ಈ ವಾರದ ಮಾತು. ಇದಕ್ಕೆ ದೊಡ್ಡ ಕ್ಯಾಮೆರಾ ಬೇಡ. ಬೈನಾಕ್ಯುಲರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಒಂದು ನೋಟ್‌ಬುಕ್, ಒಂದು ಪೆನ್ಸಿಲ್, ಜೊತೆಗೆ ಒಬ್ಬ ಅಜ್ಜನೋ ಅಜ್ಜಿಯೋ ಇರಬೇಕು. ಅಜ್ಜ-ಅಜ್ಜಿ ಯಾಕೆ ಎಂದು ಆಮೇಲೆ ಹೇಳುತ್ತೇನೆ.

ಹೊರಡುವವರು

ಮೊದಲು ನೀರಿನ ನಡುವೆ ನೋಡಿ. ಗುಂಪುಗುಂಪಾಗಿ ತೇಲುವ ಕಪ್ಪು ಹಕ್ಕಿಗಳ ಹಣೆಯ ಮೇಲೆ ಬಿಳಿ ನಾಮ ಇದ್ದರೆ ಅವು ನಾಮದ ಕೋಳಿಗಳು. ನೋಡಲು ಬಾತಿನಂತಿದ್ದರೂ ಬಾತಲ್ಲ. ಬಾತಿನ ಪಾದದಲ್ಲಿ ಬೆರಳುಗಳ ನಡುವೆ ಚರ್ಮ ಇರುತ್ತದೆ. ನಾಮದ ಕೋಳಿಗೆ ಹಾಗಲ್ಲ, ಒಂದೊಂದು ಬೆರಳಿಗೂ ಬೇರೆ ಬೇರೆ ಚರ್ಮದ ಅಂಚು ಇರುತ್ತದೆ.

ಅವುಗಳ ಮಧ್ಯೆ ಕಂದು ತಲೆಯ, ಕಣ್ಣಿನ ಮೇಲೆ ಸುಣ್ಣದಲ್ಲಿ ಗೀಚಿದಂತೆ ಬಿಳಿ ಹುಬ್ಬಿರುವ ಸಣ್ಣ ಬಾತು ಕಂಡರೆ ಅದು ಬಿಳಿಹುಬ್ಬಿನ ಬಾತಿನ ಗಂಡು. ಮೂತಿ ಸೌಟಿನಂತೆ ಅಗಲವಾಗಿದ್ದರೆ ಚಲುಕದ ಬಾತು. ಬಾಲ ಸೂಜಿಯಂತೆ ಚೂಪಾಗಿದ್ದರೆ ಸೂಜಿಬಾಲದ ಬಾತು. ಇವೆಲ್ಲ ಮಧ್ಯ ಏಷ್ಯಾ, ಸೈಬೀರಿಯಾದ ಕಡೆ ಮೊಟ್ಟೆಯಿಟ್ಟು ಮರಿ ಮಾಡುವ ಹಕ್ಕಿಗಳು. ಅಲ್ಲಿ ಚಳಿಗಾಲದಲ್ಲಿ ಕೆರೆಗಳು ಹೆಪ್ಪುಗಟ್ಟಿದಾಗ ಊಟ ಹುಡುಕಿಕೊಂಡು ನಮ್ಮಲ್ಲಿಗೆ ಬರುತ್ತವೆ.

ಮೈಸೂರು ಸೀಮೆಯವರಿಗೆ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆ ಗೊತ್ತಿರಬಹುದು. ಗದಗ ಜಿಲ್ಲೆಯವರಿಗೆ ಮಾಗಡಿ ಕೆರೆ ಗೊತ್ತು. ಎರಡೂ ಕಡೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಬೀಡುಬಿಡುತ್ತವೆ. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ ಇರುವ ಈ ಹಕ್ಕಿ ಹಿಮಾಲಯವನ್ನೇ ದಾಟಿ ಬರುತ್ತದೆ. ಬೆನ್ನಿಗೆ ಸಣ್ಣ ಯಂತ್ರ ಕಟ್ಟಿ ಅದರ ದಾರಿ ಅಳೆದ ವಿಜ್ಞಾನಿಗಳಿಗೆ, ಅದು 7 ಸಾವಿರ ಮೀಟರ್‌ಗೂ ಹೆಚ್ಚು ಎತ್ತರದಲ್ಲಿ ಹಾರಬಲ್ಲದು ಎಂದು ತಿಳಿದುಬಂದಿದೆ. ಮಂಗೋಲಿಯಾದಲ್ಲಿ ಕೊರಳಿಗೆ ಸಂಖ್ಯೆಯ ಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಹಾಗೆ ತಿಳಿದದ್ದು ಯಾರೋ ಒಬ್ಬರು ಆ ಸಂಖ್ಯೆಯನ್ನು ಓದಿ, ಬರೆದು, ತಿಳಿಸಿದ್ದರಿಂದ. ಬರೆಯದೆ ಹೋಗಿದ್ದರೆ ‘ಯಾವುದೋ ಬಾತು ಬಂದಿತ್ತು’ ಎಂದಷ್ಟೇ ಉಳಿಯುತ್ತಿತ್ತು. ಮಾಗಡಿ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ನೆಲಗಳ ಪಟ್ಟಿಗೆ ಸೇರಿತು.

ನೀರಿನಂಚಿನಲ್ಲಿ ಬಾಲ ಕುಣಿಸುತ್ತಾ ಓಡಾಡುವ ಸಿಪಿಲೆಯನ್ನು ಮರೆಯಬೇಡಿ. ಹೊಟ್ಟೆ ಹಳದಿ, ಬೆನ್ನು ಬೂದು ಬಣ್ಣದ ಸಿಪಿಲೆ ಹಿಮಾಲಯದ ತೊರೆಗಳ ಬದಿಯಲ್ಲಿ ಗೂಡು ಕಟ್ಟುತ್ತದೆ. ಚಳಿಗಾಲ ಕಳೆಯಲು ನಮ್ಮ ಮನೆಯಂಗಳದವರೆಗೂ ಬರುತ್ತದೆ. ವಿದ್ಯುತ್ ತಂತಿಯ ಮೇಲೆ ಸಾಲಾಗಿ ಕೂರುವ ಕವಲುತೋಕೆಗಳೂ ಹೊರಡುವವರ ಪಟ್ಟಿಯಲ್ಲಿವೆ. ಕೆರೆಯ ದಡದಲ್ಲಿ ಮುತ್ತುಗದ ಮರವೋ ಬೂರುಗದ ಮರವೋ ಹೂಬಿಟ್ಟಿದ್ದರೆ ತಲೆಯೆತ್ತಿ ನೋಡಿ. ಗುಲಾಬಿ ಮೈ, ಕಪ್ಪು ತಲೆಯ ಗುಲಾಬಿ ಕಬ್ಬಕ್ಕಿಗಳು ಮಧ್ಯ ಏಷ್ಯಾಕ್ಕೆ ಮರಳುವ ಮುಂಚೆ ಅಲ್ಲಿ ಮಕರಂದ ಕುಡಿಯುತ್ತಾ ಗಲಾಟೆ ಮಾಡುತ್ತಿರಬಹುದು.

ಮದುವೆಮನೆಯವರು

ಊರಲ್ಲೇ ಉಳಿಯುವವರ ಸಡಗರ ಬೇರೆ. ಬಣ್ಣದ ಕೊಕ್ಕರೆಗಳು, ಹೆಜ್ಜಾರ್ಲೆಗಳು ಮರದ ಮೇಲೆ ಗೂಡು ಕಟ್ಟಿ ಮರಿಗಳಿಗೆ ಮೀನು ತಂದುಣಿಸುವ ಕಾಲ ಇದು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಇವು ಊರೊಳಗಿನ ಹುಣಸೆಮರಗಳ ಮೇಲೆಯೇ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದೇ ಅಲ್ಲಿಯ ಜನ ಅವನ್ನು ಕಾಣುತ್ತಾರೆ.

ಕಾವೇರಿಯ ನಡುವಿನ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾಯಿತು. ಹಕ್ಕಿಗಳ ವಿದ್ವಾಂಸ ಸಲೀಂ ಅಲಿ ಅವರು ಆ ನಡುಗಡ್ಡೆಗಳಲ್ಲಿ ಹಕ್ಕಿಗಳು ಗೂಡು ಕಟ್ಟುವುದನ್ನು ಕಂಡು, ಇದನ್ನು ಕಾಪಾಡಿ ಎಂದು ಆಗಿನ ಮೈಸೂರು ಅರಸರಿಗೆ ತಿಳಿಸಿದ್ದರ ಫಲ ಅದು.

ದೇವನಕ್ಕಿ ಎಂಬ ಹಕ್ಕಿ ತಾವರೆ ಎಲೆಗಳ ಮೇಲೆ ಉದ್ದ ಬೆರಳೂರಿ ನಡೆಯುತ್ತದೆ. ಚಳಿಗಾಲದಲ್ಲಿ ಮಂಕಾಗಿದ್ದ ಅದಕ್ಕೆ ಬೇಸಿಗೆ ಬರುತ್ತಿದ್ದಂತೆ ಉದ್ದನೆಯ ಬಾಗಿದ ಬಾಲ ಬೆಳೆಯುತ್ತದೆ. ಮುಂದೆ ಮೊಟ್ಟೆಗೆ ಕಾವು ಕೊಟ್ಟು ಮರಿ ನೋಡಿಕೊಳ್ಳುವುದು ಅಪ್ಪ ಹಕ್ಕಿಯ ಕೆಲಸ. ಮಣ್ಣಿನ ಬಣ್ಣದಲ್ಲಿ ಕಣ್ಣಿಗೇ ಬೀಳದೆ ಕೂತಿರುತ್ತಿದ್ದ ಕೊಳದ ಬಕಕ್ಕೆ ಇನ್ನು ಮೇಲೆ ಬೆನ್ನೆಲ್ಲ ಕೆಂಗಂದು ಬಣ್ಣ ಏರತೊಡಗುತ್ತದೆ. ದನಗಳ ಹಿಂದೆ ಓಡಾಡುವ ಬೆಳ್ಳಕ್ಕಿಯ ತಲೆ-ಕತ್ತಿಗೆ ಕೇಸರಿ ಬಣ್ಣ ಹತ್ತುತ್ತದೆ. ಮರದಲ್ಲಿ ಕಂಚುಕುಟಿಗ ಟುಕ್ ಟುಕ್ ಎಂದು ಪಾತ್ರೆ ಬಡಿಯಲು ಶುರುಮಾಡುತ್ತದೆ, ಕೋಗಿಲೆ ಗಂಟಲು ಸರಿಮಾಡಿಕೊಳ್ಳುತ್ತದೆ. ಈ ಒಂದೊಂದು ಬದಲಾವಣೆಯನ್ನೂ ಮೊದಲು ಕಂಡ, ಮೊದಲು ಕೇಳಿದ ದಿನವನ್ನು ಬರೆದಿಡಬೇಕು.

ಹಾಜರಿ ಹೇಗೆ ಹಾಕುವುದು?

ಪುಟದ ಮೇಲ್ಭಾಗದಲ್ಲಿ ಐದು ಸಂಗತಿ ಮೊದಲು ಬರೆಯಿರಿ: ತಾರೀಖು, ಶುರುಮಾಡಿದ ಗಂಟೆ, ಕೆರೆಯ ಹೆಸರು ಮತ್ತು ನೀವು ನಿಂತ ಜಾಗ, ಹವೆ ಹೇಗಿತ್ತು, ಜೊತೆಗೆ ಯಾರಿದ್ದರು. ಈ ಐದಿಲ್ಲದ ಪಟ್ಟಿ ಹೆಸರಿಲ್ಲದ ಉತ್ತರಪತ್ರಿಕೆಯ ಹಾಗೆ.

ಆಮೇಲೆ ಕಡೇಪಕ್ಷ 15 ನಿಮಿಷ ಒಂದೇ ಕಡೆ ನಿಂತು ನೋಡಿ. ಕಂಡ, ಗುರುತಿಸಿದ ಎಲ್ಲ ಹಕ್ಕಿಗಳನ್ನೂ ಬರೆಯಿರಿ. ಕಾಗೆ, ಪಾರಿವಾಳಗಳನ್ನು ‘ಅದೇನು ಮಹಾ’ ಎಂದು ಬಿಡಬಾರದು. ನೀವು ಎಲ್ಲವನ್ನೂ ಬರೆದಿದ್ದೀರಿ ಎಂದು ಗೊತ್ತಿದ್ದರೆ ಮಾತ್ರ, ಪಟ್ಟಿಯಲ್ಲಿ ಇಲ್ಲದ ಹಕ್ಕಿ ಅಂದು ನಿಮ್ಮ ಕಣ್ಣಿಗೆ ಬೀಳಲಿಲ್ಲ ಎಂದು ಓದಿದವರಿಗೆ ತಿಳಿಯುತ್ತದೆ. ಅಪರೂಪದ್ದನ್ನು ಮಾತ್ರ ಬರೆಯುವವರ ಪುಸ್ತಕದಲ್ಲಿ ಕಾಗೆ ಕಾಣೆಯಾದರೂ ಯಾರಿಗೂ ಗೊತ್ತಾಗುವುದಿಲ್ಲ.

ಎಣಿಸುವುದಕ್ಕೆ ಕಡ್ಡಿ ಲೆಕ್ಕ ಸಾಕು. ನಾಲ್ಕು ಗೀಟು ಎಳೆದು ಐದನೆಯದನ್ನು ಅಡ್ಡ ಎಳೆಯುವುದು. ಇನ್ನೂರು ಮುನ್ನೂರು ನಾಮದ ಕೋಳಿಗಳ ಗುಂಪಿದ್ದರೆ? ಮೊದಲು ಹತ್ತನ್ನು ಸರಿಯಾಗಿ ಎಣಿಸಿ. ಆ ಹತ್ತು ಎಷ್ಟು ಜಾಗ ಹಿಡಿದಿವೆ ಎಂದು ಕಣ್ಣಳತೆ ಮಾಡಿ. ಅಂಥ ಎಷ್ಟು ತುಂಡು ಇಡೀ ಗುಂಪಿನಲ್ಲಿವೆ ಎಂದು ನೋಡಿ ಹತ್ತರಿಂದ ಗುಣಿಸಿ. ಗುಣಾಕಾರದ ಮಗ್ಗಿ ಯಾಕೆ ಕಲಿಯಬೇಕು ಎಂದು ಕೇಳುವವರಿಗೆ ಇದೊಂದು ಉತ್ತರ.

ಹೆಸರು ಗೊತ್ತಾಗದ ಹಕ್ಕಿಗೆ ಬಾಯಿಗೆ ಬಂದ ಹೆಸರು ಕೊಡಬೇಡಿ. ಮೈನಾಕ್ಕಿಂತ ದೊಡ್ಡದೋ ಚಿಕ್ಕದೋ, ಕೊಕ್ಕು ನೇರವೋ ಡೊಂಕೋ, ಕಾಲಿನ ಬಣ್ಣ ಯಾವುದು, ಏನು ಮಾಡುತ್ತಿತ್ತು ಎಂದು ಬರೆದು ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿ. ಒಂದು ಪ್ರಾಮಾಣಿಕ ಪ್ರಶ್ನೆ ಚಿಹ್ನೆಗೆ ಹತ್ತು ಊಹೆಗಳಿಗಿಂತ ಹೆಚ್ಚು ಬೆಲೆ.

ಇನ್ನೊಂದು ಮುಖ್ಯ ಮಾತು ಸೊನ್ನೆಯದು. ನನ್ನ ಮೊಮ್ಮಗಳ ಪುಸ್ತಕದಲ್ಲಿ ಕಳೆದ ವರ್ಷದ ಬಿಳಿಹುಬ್ಬಿನ ಬಾತಿನ ಸಾಲು ಹೀಗಿದೆ: ಶಿವರಾತ್ರಿಯ ವಾರ 46, ಮುಂದಿನ ಭಾನುವಾರ 31, ಅದರ ಮುಂದಿನ ವಾರ 9, ಯುಗಾದಿಗೆ ಮುಂಚಿನ ಭಾನುವಾರ 0. “ಏನೂ ಕಾಣಲಿಲ್ಲವಲ್ಲ ತಾತ, ಸೊನ್ನೆ ಯಾಕೆ ಬರೆಯಬೇಕು?” ಎಂದು ಅವಳು ಕೇಳಿದಳು. “ನೀನು ಶಾಲೆಗೆ ಹೋಗದ ದಿನ ಮೇಷ್ಟ್ರು ಹಾಜರಿಯಲ್ಲಿ ಆ ಜಾಗ ಖಾಲಿ ಬಿಡುತ್ತಾರೇನಮ್ಮ?” ಎಂದೆ. ಅವಳಿಗೆ ಅರ್ಥವಾಯಿತು. ಖಾಲಿ ಜಾಗ ನೋಡಿದರೆ ಹಕ್ಕಿ ಇರಲಿಲ್ಲವೋ, ನಾವೇ ಹೋಗಿರಲಿಲ್ಲವೋ ತಿಳಿಯದು. ಸೊನ್ನೆ ಇದ್ದರೆ ನಾವು ಹೋಗಿದ್ದೆವು, ಹುಡುಕಿದೆವು, ಕಾಣಲಿಲ್ಲ ಎಂದಾಗುತ್ತದೆ. ಹಕ್ಕಿ ಹೊರಟ ವಾರವನ್ನು ಹೇಳುವುದು ಆ ಸೊನ್ನೆಯೇ.

ಮಕ್ಕಳ ಟಿಪ್ಪಣಿಗೂ ಬೆಲೆ ಇದೆಯೇ?

ಇದೆ. ಸಲೀಂ ಅಲಿ ಅವರು ಹುಟ್ಟಿದ್ದು 1896ರಲ್ಲಿ. ಸುಮಾರು ಹತ್ತು ವರ್ಷದ ಹುಡುಗನಾಗಿದ್ದಾಗ ಅವರು ಕುದುರೆ ಲಾಯದ ಗೋಡೆಯಲ್ಲಿ ಗೂಡು ಮಾಡಿದ್ದ ಗುಬ್ಬಚ್ಚಿಗಳನ್ನು ಗಮನಿಸಿ ಪುಸ್ತಕದಲ್ಲಿ ಬರೆದಿಟ್ಟರು. ಆ ಕಾಲದ ಹುಡುಗರ ಹಾಗೆ ಅವರ ಕೈಯಲ್ಲಿ ಏರ್‌ಗನ್ ಇತ್ತು. ಗಂಡು ಗುಬ್ಬಿಯನ್ನು ಹೊಡೆದರೆ, ಸ್ವಲ್ಪ ಹೊತ್ತಿನಲ್ಲೇ ಇನ್ನೊಂದು ಗಂಡು ಬಂದು ಅದೇ ಗೂಡಿನ ಕಾವಲಿಗೆ ನಿಲ್ಲುತ್ತಿತ್ತು. ಆ ಹುಡುಗ ಕಂಡದ್ದನ್ನು ಕಂಡ ಹಾಗೆ ಬರೆದ. ಅನೇಕ ದಶಕಗಳ ನಂತರ, ಹಕ್ಕಿಗಳ ನಡವಳಿಕೆಯನ್ನು ಅರಿಯಲು ಉಪಯುಕ್ತ ಎಂದು ಅದೇ ಟಿಪ್ಪಣಿ ಪಕ್ಷಿವೀಕ್ಷಕರ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಇಂದು ನಮಗೆ ಬಂದೂಕು ಬೇಡ, ಕಣ್ಣು ಸಾಕು. ಟಿಪ್ಪಣಿ ಬರೆಯುವ ಕೈ ಮಾತ್ರ ಹಾಗೆಯೇ ಇರಬೇಕು.

ಈಗಿನ ಮಾತು ಹೇಳುತ್ತೇನೆ. 2023ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿಯ ಬಗ್ಗೆ ಒಂದು ದೊಡ್ಡ ವರದಿ ಬಂತು. ಅದರಲ್ಲಿ 942 ಜಾತಿಯ ಹಕ್ಕಿಗಳ ವಿಚಾರವಿದೆ. ಅದಕ್ಕೆ ಆಧಾರವಾದದ್ದು ದೇಶದ 30 ಸಾವಿರಕ್ಕೂ ಹೆಚ್ಚು ಪಕ್ಷಿವೀಕ್ಷಕರು ಕಳಿಸಿದ ಮೂರು ಕೋಟಿಯಷ್ಟು ದಾಖಲೆಗಳು. ಅವರಲ್ಲಿ ಶಾಲೆಯ ಮಕ್ಕಳು, ಗೃಹಿಣಿಯರು, ನಿವೃತ್ತರು ಎಲ್ಲರೂ ಇದ್ದಾರೆ. ಬಹಳ ವರ್ಷಗಳ ಲೆಕ್ಕ ಸಿಕ್ಕ 338 ಜಾತಿಗಳಲ್ಲಿ ಶೇಕಡಾ 60ರಷ್ಟು ಇಳಿಮುಖವಾಗಿವೆ ಎಂದು ಆ ವರದಿ ಹೇಳಿತು. ಹತ್ತು ಜಾತಿಗಳಲ್ಲಿ ಆರು! ನಮ್ಮ ರಾಜ್ಯಪಕ್ಷಿ ನೀಲಕಂಠ ಇಳಿದವರ ಸಾಲಿನಲ್ಲಿದೆ. ಮೇಲೆ ಹೇಳಿದ ಚಲುಕದ ಬಾತು, ಸೂಜಿಬಾಲದ ಬಾತುಗಳೂ ಇವೆ. ನವಿಲಿನ ಸಂಖ್ಯೆ ಮಾತ್ರ ಏರಿದೆ. ಒಬ್ಬೊಬ್ಬರ ಪಟ್ಟಿ ಸಣ್ಣದು, ಎಲ್ಲ ಸೇರಿದಾಗ ದೇಶದ ಲೆಕ್ಕವಾಯಿತು.

ಇಂಥ ಪಟ್ಟಿಗಳನ್ನು ಸೇರಿಸಲು ಇ-ಬರ್ಡ್ ಎಂಬ ತಾಣ ಇದೆ. ಮನೆಯ ದೊಡ್ಡವರ ಮೊಬೈಲಿನಲ್ಲಿ, ಅವರ ಜೊತೆ ಕೂತು ನಿಮ್ಮ ಪಟ್ಟಿ ಹಾಕಬಹುದು. ಪ್ರತಿ ವರ್ಷ ಫೆಬ್ರವರಿ ಮಧ್ಯದಲ್ಲಿ ನಾಲ್ಕು ದಿನ ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’ ನಡೆಯುತ್ತದೆ. 1998ರಲ್ಲಿ ಅಮೆರಿಕದ ಕಡೆ ಶುರುವಾದ ಈ ಎಣಿಕೆಗೆ 2013ರಿಂದ ಭಾರತವೂ ಸೇರಿದೆ. ಜನವರಿಯಲ್ಲಿ ನೀರುಹಕ್ಕಿಗಳಿಗೆಂದೇ ಏಷ್ಯಾದ ಗಣತಿ ಇರುತ್ತದೆ. ಅದು 1987ರಿಂದ ನಡೆಯುತ್ತಿದೆ. ಆದರೆ ಗಣತಿಯ ದಿನಕ್ಕೇ ಕಾಯಬೇಕಿಲ್ಲ. ನಿಮ್ಮ ಕೆರೆಗೆ ಪ್ರತಿ ಭಾನುವಾರವೂ ಗಣತಿಯ ದಿನವೇ.

ಅಜ್ಜ-ಅಜ್ಜಿಯರ ಪುಟ

ಈಗ ಹಿರಿಯರಿಗೆ ಒಂದು ಮಾತು. ನಮ್ಮೂರ ಕೆರೆ ಏರಿಯ ಮೇಲೆ ದನ ಮೇಯಿಸಿಕೊಂಡು ಬೆಳೆದ ಹಿರಿಯರೊಬ್ಬರಿದ್ದಾರೆ. ಮಕ್ಕಳು ಅವರನ್ನು ಮೇಲ್ಬೀದಿ ತಾತ ಎನ್ನುತ್ತಾರೆ. “ನಾವು ಹುಡುಗರಾಗಿದ್ದಾಗ ಬಾತು ಎದ್ದರೆ ಮೋಡ ಕವಿದಂಗೆ ಆಗೋದು” ಎಂದು ಅವರು ಒಮ್ಮೆ ಹೇಳಿದರು. ಎಷ್ಟಿದ್ದವು ಎಂದು ಮೊಮ್ಮಗಳು ಪೆನ್ಸಿಲ್ ಹಿಡಿದು ಕೇಳಿದಳು. “ಯಾರವ್ವ ಲೆಕ್ಕ ಇಟ್ಟೋರು!” ಎಂದು ನಕ್ಕರು.

ಲೆಕ್ಕ ಯಾರೂ ಇಡಲಿಲ್ಲ. ಹಾಗಾಗಿ ನಮ್ಮ ಮಕ್ಕಳು ಇವತ್ತಿನ 46 ಬಾತುಗಳನ್ನು ನೋಡಿ, ಕೆರೆ ಯಾವಾಗಲೂ ಹೀಗೆಯೇ ಇತ್ತು ಎಂದುಕೊಳ್ಳುತ್ತಾರೆ. ಅವರ ಮಕ್ಕಳು 10 ನೋಡಿ, ಅದೇ ಸರಿ ಎಂದುಕೊಳ್ಳಬಹುದು. ತಲೆಮಾರಿನಿಂದ ತಲೆಮಾರಿಗೆ ಕೆರೆ ಕುಗ್ಗುತ್ತಾ ಹೋದರೂ ಯಾರಿಗೂ ಏನೋ ಕಳೆದುಹೋಯಿತು ಅನ್ನಿಸುವುದಿಲ್ಲ. ಇದನ್ನು ತಡೆಯಬಲ್ಲವರು ನೀವು. ಹಳೆಯ ಸಂಖ್ಯೆ ನಿಮ್ಮಲ್ಲಿ ಇಲ್ಲದಿರಬಹುದು, ಬೇರೆ ಗುರುತುಗಳು ಇವೆ.

ಮೊಮ್ಮಗಳು ಸುಮ್ಮನಾಗಲಿಲ್ಲ. ಯುಗಾದಿಯ ಹೊತ್ತಿಗೆ ನೀರು ತೂಬಿನ ಕಲ್ಲಿನಲ್ಲಿ ಎಷ್ಟನೇ ಮೆಟ್ಟಿಲಿಗೆ ಇರುತ್ತಿತ್ತು? ಕೋಡಿ ಬೀಳುತ್ತಿದ್ದದ್ದು ಯಾವ ತಿಂಗಳು? ಜೊಂಡು ಯಾವ ಮೂಲೆಯಲ್ಲಿತ್ತು? ಕೆರೆಯ ತುಂಬ ಈಗಿರುವ ಅಂತರಗಂಗೆ ಆಗಲೂ ಇತ್ತೇ? ಒಂದೊಂದನ್ನೇ ಕೇಳಿದಳು. ತಾತನಿಗೆ ಎಲ್ಲವೂ ನೆನಪಿತ್ತು. ತೂಬಿನ ಎರಡನೇ ಮೆಟ್ಟಿಲು ಎಂದು ಕೈಯಿಟ್ಟು ತೋರಿಸಿದರು. ಹಕ್ಕಿಗಳ ಊರ ಹೆಸರುಗಳೂ ಬಂದವು. ಟಿಟ್ಟಿಭಕ್ಕೆ ತೇನೆಹಕ್ಕಿ ಎಂದರು. ಸಿಪಿಲೆಗೆ ಕುಂಡೆಕುಸ್ಕ ಎಂದಾಗ ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ಅದು ಬಾಲ ಕುಣಿಸುವುದನ್ನು ಒಮ್ಮೆ ನೋಡಿದವರು ಆ ಹೆಸರನ್ನು ಮರೆಯುವುದಿಲ್ಲ.

ಆದ್ದರಿಂದ ನಮ್ಮ ಹಾಜರಿ ಪುಸ್ತಕಕ್ಕೆ ಎರಡು ಪುಟದ ಕ್ರಮ ಮಾಡಿದ್ದೇವೆ. ಬಲಗಡೆ ಪುಟ ಮೊಮ್ಮಕ್ಕಳದು, ಇಂದು ಕಂಡದ್ದು, ಎಣಿಸಿದ್ದು. ಎಡಗಡೆ ಪುಟ ಅಜ್ಜ-ಅಜ್ಜಿಯರದು, ಅಂದು ಇದ್ದದ್ದು. ಎರಡನ್ನೂ ಬೆರೆಸುವುದಿಲ್ಲ. ನೆನಪನ್ನು ನೆನಪು ಎಂದೇ ಬರೆಯುತ್ತೇವೆ, ಯಾರ ನೆನಪು, ಸುಮಾರು ಯಾವ ವರ್ಷದ್ದು ಎಂದು ಪಕ್ಕದಲ್ಲಿ ಹಾಕುತ್ತೇವೆ.

ಮೊಣಕಾಲುದ್ದದ ನೀರು

ಈ ಪುಸ್ತಕಕ್ಕೆ ಈಗ ಒಂದು ಕೆಲಸ ಬಂದಿದೆ. ಈ ಬೇಸಿಗೆಯಲ್ಲಿ ನಮ್ಮ ಕೆರೆಯ ಹೂಳು ತೆಗೆದು, ಸುತ್ತ ಕಲ್ಲು ಕಟ್ಟಿ, ನಡೆಯುವ ದಾರಿ ಮಾಡಬೇಕೆಂಬ ಮಾತು ಎದ್ದಿದೆ. ಹೂಳು ತೆಗೆಯುವುದು ಒಳ್ಳೆಯದೇ. ನೀರು ನಿಲ್ಲುತ್ತದೆ, ಬಾವಿಗಳಿಗೆ ಜೀವ ಬರುತ್ತದೆ. ಆದರೆ ಕೆರೆಯನ್ನು ದಡದಿಂದಲೇ ಬೋಗುಣಿಯ ಹಾಗೆ ಆಳವಾಗಿ ತೋಡಿದರೆ ನೀರುಕಾಗೆ, ಹೆಜ್ಜಾರ್ಲೆಗಳಿಗೆ ಅನುಕೂಲ. ಮೆಟ್ಟುಗಾಲು ಹಕ್ಕಿ, ಗದ್ದೆಗೊರವ, ಕೊಳದ ಬಕಗಳಿಗೆ ಕಾಲೂರಲು ಜಾಗವಿಲ್ಲ. ಅವು ಈಜಿ ಉಣ್ಣುವ ಹಕ್ಕಿಗಳಲ್ಲ. ನಿಂತು ಉಣ್ಣುವವು. ಅವುಗಳ ಊಟದ ಎಲೆ ಇರುವುದು ತೆಳುನೀರಿನ ಕೆಸರಿನಲ್ಲಿ.

ಮಕ್ಕಳ ಪುಸ್ತಕ ತೆರೆದರೆ ಒಂದು ಸಂಗತಿ ಎದ್ದು ಕಾಣುತ್ತದೆ. ನಿಂತು ಉಣ್ಣುವ ಹಕ್ಕಿಗಳಲ್ಲಿ ಮುಕ್ಕಾಲುಪಾಲು ಕಂಡಿರುವುದು ಕೆರೆಯ ಮೂಡಣ ಮೂಲೆಯಲ್ಲಿ, ದನ ಇಳಿಯುವ ಇಳಿಜಾರಿನ ಹತ್ತಿರ. ಆ ಮೂಲೆಯನ್ನು ಇಳಿಜಾರಾಗಿಯೇ ಬಿಟ್ಟು ಮಿಕ್ಕ ಕಡೆ ಹೂಳು ತೆಗೆದರೆ ನೀರೂ ನಿಲ್ಲುತ್ತದೆ, ಹಕ್ಕಿಯೂ ನಿಲ್ಲುತ್ತದೆ, ದನಕ್ಕೂ ದಾರಿ ಉಳಿಯುತ್ತದೆ. ಇದನ್ನು ಹೇಳಲು ಮೊಮ್ಮಗಳು, ಅವಳ ಗೆಳತಿಯರು ಪಂಚಾಯಿತಿ ಸಭೆಗೆ ಪುಸ್ತಕ ತೆಗೆದುಕೊಂಡು ಹೋಗುವವರಿದ್ದಾರೆ. ಮೇಲ್ಬೀದಿ ತಾತ ಜೊತೆಗೆ ಬರುತ್ತೇನೆ ಎಂದಿದ್ದಾರೆ. ಕೇಳುತ್ತಾರೋ ಇಲ್ಲವೋ ನೋಡೋಣ. ‘ಇಲ್ಲಿ ಹಕ್ಕಿ ಬರುತ್ತವೆ’ ಎಂದು ಬರಿಗೈಯಲ್ಲಿ ಹೇಳುವುದಕ್ಕೂ, ತಾರೀಖು, ಗಂಟೆ, ಸಂಖ್ಯೆ ಇರುವ ಪುಸ್ತಕವನ್ನು ಮೇಜಿನ ಮೇಲೆ ಇಡುವುದಕ್ಕೂ ಬಹಳ ವ್ಯತ್ಯಾಸವಿದೆ. ನಿಮ್ಮೂರಲ್ಲಿ ಮಕ್ಕಳ ಗ್ರಾಮಸಭೆ ನಡೆಯುವಾಗ ನೀವೂ ನಿಮ್ಮ ಕೆರೆಯ ಮಾತು ಎತ್ತಬಹುದು. ಯಾವಾಗ ಎಂದು ನಿಮ್ಮ ಮೇಷ್ಟ್ರನ್ನು, ಟೀಚರನ್ನು ಕೇಳಿ.

ಹೊರಡುವ ಮುಂಚೆ

ಮಕ್ಕಳೇ, ಕೆರೆಗೆ ಒಬ್ಬರೇ ಹೋಗಬೇಡಿ. ದಡದ ಕೆಸರು ಗಟ್ಟಿಯಾಗಿ ಕಂಡರೂ ಒಳಗೆ ಮೆತ್ತಗಿರುತ್ತದೆ, ಏರಿಯ ಮೇಲೆಯೇ ನಿಲ್ಲಿ. ಗೂಡಿನ ಹತ್ತಿರ ಹೋಗಬೇಡಿ. ಹಕ್ಕಿ ಎದ್ದು ಹಾರಿದರೆ ನೀವು ಅತಿ ಹತ್ತಿರ ಹೋದಿರಿ ಎಂದೇ ತಿಳಿಯಿರಿ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯಬೇಡಿ. ಬ್ರೆಡ್ಡು, ಚುರುಮುರಿ ನೀರಿಗೆ ಎಸೆಯಬೇಡಿ. ಬೆಳಿಗ್ಗೆ ಆರೂವರೆಯಿಂದ ಎಂಟರೊಳಗೆ, ಸೂರ್ಯ ಬೆನ್ನಿಗಿರುವ ಹಾಗೆ ನಿಂತರೆ ಬಣ್ಣಗಳು ಚೆನ್ನಾಗಿ ಕಾಣುತ್ತವೆ. ಅಜ್ಜಿಗೆ ಕೂರಲು ಒಂದು ಮಣೆಯೋ ಚಾಪೆಯೋ ಒಯ್ಯಿರಿ.

ಹತ್ತಿರ ಕೆರೆಯಿಲ್ಲದವರು ಬೇಸರಪಡಬೇಡಿ. ಊರ ಕಟ್ಟೆ, ಕಾಲುವೆ, ದೇವಸ್ಥಾನದ ಕಲ್ಯಾಣಿ, ಕೊನೆಗೆ ಮಹಡಿಯ ಮೇಲಿಂದ ಕಾಣುವ ಆಕಾಶವಾದರೂ ಸರಿ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗುವುದು ಮುಖ್ಯ.

ಈ ವಾರದ ಕೆಲಸ: ಬರುವ ಭಾನುವಾರದಿಂದ ಯುಗಾದಿಯವರೆಗೆ ಪ್ರತಿ ಭಾನುವಾರ 15 ನಿಮಿಷ ಒಂದೇ ಜಾಗದಲ್ಲಿ ನಿಂತು ಬಲಗಡೆ ಪುಟ ತುಂಬಿಸಿ. ಸಿಪಿಲೆಯನ್ನು ಕೊನೆಯ ಸಲ ಕಂಡ ದಿನವನ್ನು ಕೆಂಪು ಪೆನ್ಸಿಲಿನಲ್ಲಿ ಬರೆಯಿರಿ. ಅದೇ ಸಂಜೆ ಅಜ್ಜನನ್ನೋ ಅಜ್ಜಿಯನ್ನೋ ಕೂರಿಸಿಕೊಂಡು ಮೂರು ಪ್ರಶ್ನೆ ಕೇಳಿ ಎಡಗಡೆ ಪುಟ ತುಂಬಿಸಿ: ನೀರು ಎಲ್ಲಿಯವರೆಗೆ ಇತ್ತು? ಯಾವ ಹಕ್ಕಿ ಆಗ ಇತ್ತು, ಈಗ ಇಲ್ಲ? ಅದನ್ನು ನೀವು ಏನೆಂದು ಕರೆಯುತ್ತಿದ್ದಿರಿ?

ಸೊನ್ನೆ ಬಂದ ವಾರವೂ ಸೊನ್ನೆ ಬರೆಯುವುದನ್ನು ಮರೆಯಬೇಡಿ.